ಐವತ್ತಮೂರನೆಯ ವಾರ

"ನಾನು ಹೋದ ಗುರುವಾರದಿಂದಲೇ ಕೆಲಸಕ್ಕೆ ಹೋಗ್ತಿದೀನಲ್ಲ," ಎಂದಳು ಇಮ್ಕ, ರಸ್ಕಿನ ಪುಡಿ ಮಗುವಿನ ತಲೆಯ ಮೇಲೆ ಉದುರದಂತೆ ತನ್ನ ಗಲ್ಲದ ಕೆಳಗೆ ಅಂಗೈ ಹಿಡಿದುಕೊಂಡು.

ಮರಿಟ್ ಆಗಷ್ಟೇ ತನ್ನ ಪಾಲಿನ ರಸ್ಕನ್ನು ಕಚ್ಚಿದ್ದಳು. ಬೆಣ್ಣೆಯ ಮೇಲೆ ಗುಲಾಬಿ ಮತ್ತು ಬಿಳಿ ಸೋಂಪಿನ ಮಿಠಾಯಿ ಉದುರಿಸಿದ ರಸ್ಕು. ಹೆಣ್ಣು ಹುಟ್ಟಿದ ಸಂತೋಷಕ್ಕೆ ಇಮ್ಕ ಎರಡು ಡಬ್ಬಿ ತುಂಬ ಮಾಡಿಕೊಂಡು ಬಂದು, ಪುರಸಭೆಯ ಮೆಟ್ಟಿಲು ಹತ್ತುತ್ತ ಸಿಕ್ಕವರಿಗೆಲ್ಲ ಹಂಚಿ, ಕಡೆಗೆ ಕಾರ್ಯದರ್ಶಿ ಮರಿಟ್‌ಳ ಕೋಣೆಗೆ ಬಂದು ಕೂತಿದ್ದಳು. ಮಗು ಅವಳ ಎದೆಗೆ ಕಟ್ಟಿದ ಬಟ್ಟೆಯೊಳಗೆ ಮಲಗಿತ್ತು. ಒಂದು ಕಾಲು ಮಾತ್ರ ಹೊರಗಿತ್ತು, ಕಾಲುಚೀಲ ಅರ್ಧ ಜಾರಿತ್ತು. ಆವತ್ತು ಮಾರ್ಚ್ ಮೂರು, ಗುರುವಾರ. ಹೆರಿಗೆ ರಜೆ ಮುಗಿಸಿ ಇಮ್ಕ ಮತ್ತೆ ಔಡರ್‌ಮೀರ್ ಪುರಸಭೆಯ ಸದಸ್ಯೆಯಾಗುವ ದಿನ. ಸಭೆಯಲ್ಲಿ ಮೇಜಿನ ಮೇಲಿಡುವ ತನ್ನ ನಾಮಫಲಕವನ್ನು ಕೇಳಿಕೊಂಡು ಬಂದಿದ್ದಳು.

"ಹಲ್ಲಿನ ಡಾಕ್ಟರು ಒಂದು ವಾರ ಮೊದಲೇ ಕರೆದ್ರಾ?" ಮರಿಟ್ ಕೇಳಿದಳು. ಇಮ್ಕ ದಂತವೈದ್ಯರೊಬ್ಬರ ಬಳಿ ಸಹಾಯಕಿ.

"ಮೊದಲೇನಿಲ್ಲ. ಅಲ್ಲೂ ಹದಿನಾರೇ ವಾರ. ನವೆಂಬರ್ ಐದನೇ ತಾರೀಖು ಶುರು, ಫೆಬ್ರವರಿ ಇಪ್ಪತ್ತೈದಕ್ಕೆ ಮುಗೀತು. ಅವರು ದಿನ ಎಣಿಸೋ ಮನುಷ್ಯ. ಬೆಳಿಗ್ಗೆ ಎಂಟಕ್ಕೇ ಒಂದು ದವಡೆ ಹಲ್ಲು ಕೀಳೋದು ಇಟ್ಟಿದ್ರು." ಇಮ್ಕ ಬೆರಳಿಗಂಟಿದ ಬೆಣ್ಣೆಯನ್ನು ನೆಕ್ಕಿಕೊಂಡಳು. "ನಿಮ್ಮ ಕಾಗದದಲ್ಲಿ ವರ್ಷದ ಒಂಬತ್ತನೇ ವಾರ ಅಂತ ಇತ್ತು. ಪುರಸಭೆ ಲೆಕ್ಕವೇ ಬೇರೆ ಇರಬೇಕು ಅಂದ್ಕೊಂಡೆ."

ಮರಿಟ್ ಬಾಯಲ್ಲಿದ್ದ ರಸ್ಕನ್ನು ನುಂಗಲಿಲ್ಲ. ನಕ್ಕಂತೆ ಮಾಡಿ, ಎದ್ದು, ಬೀರುವಿನಿಂದ ಫಲಕವನ್ನು ತೆಗೆದುಕೊಟ್ಟಳು. ಮಗುವಿನ ಕಾಲುಚೀಲವನ್ನು ಎಳೆದು ಸರಿಮಾಡಿದಳು. ಇಮ್ಕ ಹೋದಳು. ಬಾಗಿಲು ಮುಚ್ಚಿಕೊಂಡ ಮೇಲೆ ಮರಿಟ್ ರಸ್ಕನ್ನು ಕಾಗದದ ಕರವಸ್ತ್ರಕ್ಕೆ ಉಗಿದು, ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತಳು.

ಆ ಊರಿನಲ್ಲಿ ತಾರೀಖು ಹೇಳುವವರು ಕಡಿಮೆ; ವರ್ಷದ ಎಷ್ಟನೆಯ ವಾರ ಎಂದೇ ಹೇಳುತ್ತಾರೆ. ಬಣ್ಣ ಬಳಿಯುವವನು ಹದಿನೆಂಟನೆಯ ವಾರ ಬರುತ್ತೇನೆ ಎನ್ನುತ್ತಾನೆ, ಶಾಲೆಗೆ ಮೂವತ್ತನೆಯ ವಾರ ರಜೆ, ಮದುವೆ ಮೂವತ್ತಾರನೆಯ ವಾರ. ಮರಿಟ್ ಕೂಡ ಹಾಗೆಯೇ ಎಣಿಸಿದ್ದಳು. ನಲವತ್ತೈದನೆಯ ವಾರ ಶುರು; ಅದಕ್ಕೆ ಹದಿನಾರು ಕೂಡಿದರೆ ಅರವತ್ತೊಂದು; ವರ್ಷಕ್ಕೆ ಐವತ್ತೆರಡು ಕಳೆದರೆ ಒಂಬತ್ತು. ಒಂದು ನಿಮಿಷದ ಕೆಲಸ. ಆದರೆ ಐದಾರು ವರ್ಷಕ್ಕೊಮ್ಮೆ ಒಂದು ವರ್ಷಕ್ಕೆ ಐವತ್ತಮೂರು ವಾರ ಬರುತ್ತವೆ. ಆಗಷ್ಟೇ ಮುಗಿದಿದ್ದ ಎರಡು ಸಾವಿರದ ಹದಿನೈದು ಅಂಥ ವರ್ಷ; ಬರಬೇಕಿದ್ದದ್ದು ಎಂಟನೆಯ ವಾರ. ಹೊಸ ಕ್ಯಾಲೆಂಡರಿನ ಪಕ್ಕದಲ್ಲಿ ಇನ್ನೂ ತೂಗುತ್ತಿದ್ದ ಹಳೆಯದರ ಡಿಸೆಂಬರ್ ಪುಟದಲ್ಲಿ, ಕೊನೆಯ ಸಾಲಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಐವತ್ತಮೂರು ಎಂದು ಅಚ್ಚಾಗಿತ್ತು. ಅದರ ಮೇಲೆ ಅವಳೇ ಹೊಸ ವರ್ಷದ ಊಟಕ್ಕೆ ಬೇಕಾದ ಸಾಮಾನಿನ ಚೀಟಿ ಅಂಟಿಸಿದ್ದಳು.

ಕಾನೂನು ಸ್ಪಷ್ಟವಾಗಿತ್ತು. ಹೆರಿಗೆಗೆ ಹೋದ ಸದಸ್ಯೆಯ ಜಾಗಕ್ಕೆ ಬದಲಿ ಸದಸ್ಯನೊಬ್ಬ ಬರುತ್ತಾನೆ. ಹದಿನಾರು ವಾರ ಮುಗಿದ ದಿನ ಅವನ ಸ್ಥಾನ ತಾನಾಗಿಯೇ ಹೋಗುತ್ತದೆ. ಯಾರೂ ಹೇಳಬೇಕಿಲ್ಲ, ಬರೆದುಕೊಡಬೇಕಿಲ್ಲ. ಇಮ್ಕಳ ಬದಲಿಗೆ ಬಂದಿದ್ದ ಎಪ್ಪೊ ಎಂಬ ನಿವೃತ್ತ ಬಸ್ ಚಾಲಕ ಫೆಬ್ರವರಿ ಇಪ್ಪತ್ತೈದಕ್ಕೇ ಸದಸ್ಯನಾಗಿ ಉಳಿದಿರಲಿಲ್ಲ. ಆದರೆ ಮಾರ್ಚ್ ಒಂದು, ಮಂಗಳವಾರದ ಸಭೆಯಲ್ಲಿ ಅವನು ಸದಸ್ಯರ ಕುರ್ಚಿಯಲ್ಲಿ ಕೂತು ಮತ ಹಾಕಿದ್ದ. ಬರಬೇಕೆಂದು ಅವನಿಗೆ ಕಾಗದ ಕಳಿಸಿದವಳು ಮರಿಟ್.

ಆ ಮತ ಬೇರೆ ಯಾವ ವಿಷಯಕ್ಕಾದರೂ ಆಗಿದ್ದರೆ ಇಷ್ಟು ಕಷ್ಟವಿರಲಿಲ್ಲ. ಆವತ್ತು ತೀರ್ಮಾನವಾದದ್ದು ಊರಿನ ಬಯಲು ಈಜುಕೊಳದ ಹಣೆಬರಹ. ನೀರು ಕಾಯಿಸುವ ಯಂತ್ರ ಐವತ್ತು ವರ್ಷ ಹಳೆಯದು, ಕೊಳದ ತಳ ಬಿರುಕು ಬಿಟ್ಟಿದೆ, ಪಕ್ಕದ ಪಟ್ಟಣದಲ್ಲಿ ಛಾವಣಿಯಿರುವ ಹೊಸ ಕೊಳವಿದೆ, ಇದನ್ನು ಮುಚ್ಚಿಬಿಡಿ ಎಂದು ಎಂಟು ಜನ. ಉಳಿಸಿ ಎಂದು ಒಂಬತ್ತು ಜನ, ಎಪ್ಪೊನನ್ನೂ ಸೇರಿಸಿ. ಎಪ್ಪೊನ ಮತ ತೆಗೆದರೆ ಎಂಟಕ್ಕೆ ಎಂಟು. ಸಮವಾದರೆ ತೀರ್ಮಾನವಿಲ್ಲ, ಮುಂದಿನ ಸಭೆಯಲ್ಲಿ ಮತ್ತೆ ಮತ ಹಾಕಬೇಕು. ಆಗ ಆ ಕುರ್ಚಿಯಲ್ಲಿ ಇಮ್ಕ ಇರುತ್ತಾಳೆ.

ಇಮ್ಕ ಕೊಳದ ಬಗ್ಗೆ ಏನು ಯೋಚಿಸುತ್ತಾಳೆಂದು ಯಾರಿಗೂ ಗೊತ್ತಿರಲಿಲ್ಲ. ಮರಿಟ್ ಏನು ಯೋಚಿಸುತ್ತಾಳೆಂದೂ ಗೊತ್ತಿರಲಿಲ್ಲ, ಗೊತ್ತಾಗಲೂಬಾರದು. ಅವಳು ಮೇಯರ್ ಕಡೆಯವಳಲ್ಲ, ಯಾವ ಪಕ್ಷದವಳೂ ಅಲ್ಲ. ಹದಿನೇಳು ಸದಸ್ಯರು ಸೇರಿ ನೇಮಿಸಿಕೊಂಡ ಕಾರ್ಯದರ್ಶಿ. ಮೇಯರ್ ಪಕ್ಕದ ಕುರ್ಚಿಯಲ್ಲಿ ಕೂರುತ್ತಾಳೆ, ಹೆಸರು ಕೂಗುತ್ತಾಳೆ, ನಿಯಮ ತಪ್ಪಿದಾಗ ಅವರ ಕಿವಿಯಲ್ಲಿ ಒಂದು ಮಾತು ಹೇಳುತ್ತಾಳೆ. ಹನ್ನೊಂದು ವರ್ಷದಲ್ಲಿ ಯಾವ ಮತ ಬಿದ್ದಾಗಲೂ ಅವಳ ಮುಖ ಬದಲಾದದ್ದನ್ನು ಕಂಡವರಿಲ್ಲ. ಆದರೆ ಆ ಕೊಳದ ಟಿಕೆಟ್ ಕಿಟಕಿಯಲ್ಲಿ ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್ ತನಕ ಸಂಬಳವಿಲ್ಲದೆ ಕೂರುವವಳು ಅವಳ ತಾಯಿ. ಎಪ್ಪತ್ತೆಂಟು ವರ್ಷದ ಆ ಹೆಂಗಸು ಬೆಳಿಗ್ಗೆ ಏಳಕ್ಕೆ ನೀರಿಗಿಳಿದು, ಎಂಟಕ್ಕೆ ಒದ್ದೆ ತಲೆಯಲ್ಲೇ ಕಿಟಕಿ ತೆರೆಯುತ್ತಿದ್ದಳು. ಮರಿಟ್ ಈಜು ಕಲಿತದ್ದೂ ಅಲ್ಲೇ, ಸೊಂಟಕ್ಕೆ ಬೆಂಡು ಕಟ್ಟಿಕೊಂಡು.

ಯಾರಿಗೂ ಹೇಳದೆ ಇದ್ದರೆ ಯಾರಿಗೂ ತಿಳಿಯುವುದಿಲ್ಲ. ಅವಳು ಕ್ಯಾಲೆಂಡರಿನ ಮುಂದೆ ನಿಂತು ಅದನ್ನು ಪೂರ್ತಿ ಯೋಚಿಸಿದಳು. ಚಹಾ ತಣ್ಣಗಾಗುವಷ್ಟು ಹೊತ್ತು ಯೋಚಿಸಿದಳು. ಆಮೇಲೆ ಚೀಟಿಯನ್ನು ಕಿತ್ತು ಬುಟ್ಟಿಗೆ ಹಾಕಿ, ಮೇಯರ್ ಕೋಣೆಗೆ ಹೋದಳು.

ಮೇಯರ್ ಹಾವರ್‌ಕಾಂಪ್ ಒಳ್ಳೆಯ ಮನುಷ್ಯ. ಗಲಾಟೆಯಾಗಬಾರದು ಎಂಬುದೊಂದೇ ಅವರ ಆಸೆ. ಎಲ್ಲ ಕೇಳಿದ ಮೇಲೆ ಅವರು ಕನ್ನಡಕ ತೆಗೆದು ಟೈಯಿಂದ ಒರೆಸಿದರು. ಐದು ದಿನದ ವ್ಯತ್ಯಾಸಕ್ಕೆ ಊರನ್ನು ಎಬ್ಬಿಸಬೇಕೇ ಎಂದು ಕೇಳಿದರು. ಎಪ್ಪೊ ಆವತ್ತು ಮನಃಪೂರ್ವಕವಾಗಿಯೇ ಮತ ಹಾಕಿದ್ದಾನೆ, ಎಲ್ಲರೂ ಅವನನ್ನು ಸದಸ್ಯನೆಂದೇ ನಂಬಿದ್ದರು, ಯಾರಿಗೂ ಮೋಸವಾಗಿಲ್ಲ ಎಂದರು. ಅವರ ಮೇಜಿನ ಮೇಲೆ ಈಜುಕೊಳದ ನಿರ್ಣಯದ ಪ್ರತಿ ಇತ್ತು. ಕೆಳಗೆ ಎರಡು ರುಜು ಬೀಳಬೇಕು, ಮೇಯರದ್ದು ಮತ್ತು ಕಾರ್ಯದರ್ಶಿಯದ್ದು. ಮೇಯರ್ ತಮ್ಮದನ್ನು ಆಗಲೇ ನೀಲಿ ಶಾಯಿಯಲ್ಲಿ ಹಾಕಿದ್ದರು.

"ಇದಕ್ಕೆ ನಾನು ಸೈನ್ ಹಾಕಲ್ಲ ಸರ್," ಎಂದಳು ಮರಿಟ್.

ಅವರು ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು. "ನಿಮ್ಮ ತಾಯಿಯವರು ಆ ಕೊಳದಲ್ಲೇ ಅಲ್ವಾ ಇರೋದು?"

"ಹೌದು."

"ಹೇಳಿದೀರಾ ಅವರಿಗೆ?"

"ಮೊದಲು ಎಪ್ಪೊ ಅವರಿಗೆ ಹೇಳ್ತೀನಿ. ಆಮೇಲೆ ಪಕ್ಷದ ಮುಖಂಡರಿಗೆ. ಅಮ್ಮನಿಗೆ ಪೇಪರ್ ನೋಡಿ ಗೊತ್ತಾಗುತ್ತೆ."

ಮೇಯರ್ ನಿರ್ಣಯದ ಪ್ರತಿಯನ್ನು ಮಗುಚಿ ಇಟ್ಟರು. ಮೊದಲ ಎಚ್ಚರಿಕೆಯ ಮಾತು ಅವರ ಬಾಯಿಂದ ಬಂದದ್ದು ಆಗ. ತಪ್ಪು ಅವಳದ್ದೆಂದು ದಾಖಲಾಗುತ್ತದೆ, ಸದಸ್ಯರು ಬೇಕೆಂದರೆ ಅವಳ ನೇಮಕವನ್ನೇ ಹಿಂದಕ್ಕೆ ತೆಗೆದುಕೊಳ್ಳಬಹುದು ಎಂದರು. ಅದು ಗೊತ್ತು ಎಂದಳು ಮರಿಟ್. ಗೊತ್ತಿದ್ದದ್ದು ನಿಜ.

ಎಪ್ಪೊನ ಮನೆ ಕಾಲುವೆಯ ಆಚೆ. ಅವಳು ಸೈಕಲ್ಲಿನಲ್ಲಿ ಹೋದಳು. ಎದುರುಗಾಳಿ ಇದ್ದುದರಿಂದ ಏನು ಹೇಳಬೇಕೆಂದು ಯೋಚಿಸಲು ಬೇಕಾದಷ್ಟು ಹೊತ್ತು ಸಿಕ್ಕಿತು. ಅವನು ಅಡುಗೆಮನೆಯ ಮೇಜಿನ ಮೇಲೆ ಪತ್ರಿಕೆ ಹಾಸಿ ಬೂಟಿಗೆ ಪಾಲಿಶ್ ಹಾಕುತ್ತಿದ್ದ. ದೊಡ್ಡ ಕೈಗಳ, ಸಣ್ಣ ದನಿಯ ಮನುಷ್ಯ. ಹದಿನಾರು ವಾರದಲ್ಲಿ ಸಭೆಯಲ್ಲಿ ಅವನು ಬಾಯಿಬಿಟ್ಟದ್ದು ಮತ ಹಾಕುವುದಕ್ಕೆ ಮಾತ್ರ. ಕಾಫಿ ಬಗ್ಗಿಸಿ, ಡಬ್ಬಿಯಿಂದ ಒಂದು ಬಿಸ್ಕತ್ತು ಕೊಟ್ಟು, ಮುಚ್ಚಳ ಹಾಕಿದ. ಅವಳು ಕಾಫಿ ಮುಟ್ಟುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟಳು. ವಾರ ಎಣಿಸಿದ್ದು, ತಪ್ಪಿದ್ದು, ಅವನ ಮತ ಲೆಕ್ಕಕ್ಕೆ ಬರುವುದಿಲ್ಲ ಎಂಬುದು.

ಎಪ್ಪೊ ಬೂಟನ್ನು ಪತ್ರಿಕೆಯ ಮೇಲಿಟ್ಟ. ಅದರ ಮೂತಿಯನ್ನು ಇನ್ನೊಂದರ ಸಮಕ್ಕೆ ಸರಿಸಿದ.

"ಹಾಗಾದ್ರೆ ಆ ಮಂಗಳವಾರ ನಾನು ಏನಾಗಿದ್ದೆ?"

"ಊರಿನವರೊಬ್ಬರು. ಅಷ್ಟೆ."

"ಊರಿನವನೊಬ್ಬ ಒಳಗೆ ಬಂದು, ಸದಸ್ಯರ ಕುರ್ಚೀಲಿ ಕೂತು, ಪರ ಅಂದ."

"ತಪ್ಪು ನಂದು. ನಿಮ್ಮದಲ್ಲ."

"ಟಿಕೆಟ್ ಇಲ್ದೆ ಸಿಕ್ಕಿಬಿದ್ದವರ ಮುಖ ಮೂವತ್ತೊಂದು ವರ್ಷ ಕನ್ನಡೀಲಿ ನೋಡಿದೀನಿ ಮೇಡಂ. ಒಬ್ಬರೂ ತಪ್ಪು ನಂದು ಅಂದಿಲ್ಲ." ಅವನ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾನೆಂದು ಮರಿಟ್ ಹೆದರಿದಳು. ಅವನು ನಗುತ್ತಿದ್ದ. "ಈಗ ಟಿಕೆಟ್ ಕೊಟ್ಟವರೇ ಮನೆಗೆ ಬಂದು ಹೇಳ್ತಿದಾರೆ."

ನಗು ನಿಂತ ಮೇಲೆ ಅವನು ಮಂಗಳವಾರದಿಂದ ತನಗೆ ಸರಿಯಾಗಿ ಊಟ ಸೇರಿಲ್ಲವೆಂದು ಹೇಳಿದ. ಪಕ್ಕದ ಮನೆಯವನು ಕೊಳ ಮುಚ್ಚಬೇಕೆನ್ನುವವನು; ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಕೈಯೆತ್ತುತ್ತಿದ್ದವನು ಈಗ ಎತ್ತುತ್ತಿಲ್ಲ. ಬೇಕರಿಯಲ್ಲಿ ಪರಿಚಯವಿಲ್ಲದ ಹೆಂಗಸೊಬ್ಬಳು ನೀವೇ ಕೊಳ ಉಳಿಸಿದವರು ಎಂದು ತಬ್ಬಿಕೊಂಡಳು. ಎರಡೂ ತನಗೆ ಹೇಳಿದ ಬದುಕಲ್ಲ ಎಂದ. ಕೊಳ ಉಳಿಯಬೇಕು ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಉಳಿಸಿದವನು ತಾನೊಬ್ಬನೇ ಎಂಬ ಹಾಗೆ ಜನ ನೋಡುವುದು ಬಸ್ಸನ್ನೇ ಬೆನ್ನ ಮೇಲೆ ಹೊತ್ತ ಹಾಗಿತ್ತು ಎಂದ.

"ಇಮ್ಕ ಏನು ಮಾಡ್ತಾಳಂತೆ?"

"ಕೇಳಿಲ್ಲ. ನಾನು ಕೇಳೋ ಹಾಗಿಲ್ಲ."

"ಹೌದಲ್ಲ. ನಿಮಗೆ ಅದೂ ಇಲ್ಲ." ಅವನು ಅವಳನ್ನು ಮೊದಲ ಸಲವೆಂಬಂತೆ ನೋಡಿದ. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ಅವಳ ಕಡೆ ತಳ್ಳಿದ. "ಇನ್ನೊಂದು ತಗೊಳ್ಳಿ."

ಆ ಊರಿನಲ್ಲಿ ಎರಡನೆಯ ಬಿಸ್ಕತ್ತು ಸುಮ್ಮನೆ ಸಿಗುವುದಿಲ್ಲ. ಮರಿಟ್ ತೆಗೆದುಕೊಂಡಳು. ವಾಪಸು ಬರುವಾಗ ಗಾಳಿ ಬೆನ್ನಿಗಿತ್ತು. ಸೇತುವೆಯ ಇಳಿಜಾರಿನಲ್ಲಿ ಅವಳು ಪೆಡಲ್ ತುಳಿಯದೆ ಕಾಲು ಬಿಟ್ಟುಕೊಂಡು ಬಂದಳು.

ಮರುದಿನ ಪಕ್ಷದ ಮುಖಂಡರು ನಾಲ್ವರೂ ಅವಳ ಕೋಣೆಯಲ್ಲಿ ಸೇರಿದರು. ಅವಳು ಬರೆದುಕೊಂಡದ್ದನ್ನು ನಿಂತು ಓದಿದಳು. ಕೊನೆಯ ವಾಕ್ಯದಲ್ಲಿ ಕ್ಷಮೆ ಇತ್ತು. ಒಬ್ಬರು ತಮ್ಮ ಜೇಬಿನ ಡೈರಿ ತೆಗೆದು ಹೋದ ಡಿಸೆಂಬರಿನ ಪುಟ ಹುಡುಕಿದರು. ಅದನ್ನು ನೋಡಿ ಉಳಿದ ಮೂವರೂ ತೆಗೆದರು. ಎರಡು ಡೈರಿಯಲ್ಲಿ ಐವತ್ತಮೂರನೆಯ ವಾರವೇ ಇರಲಿಲ್ಲ. ಕೊಳ ಮುಚ್ಚಬೇಕೆನ್ನುವ ಗುಂಪಿನ ಮುಖಂಡ, ಮಾತಿಗೆ ಮುಂಚೆ ಮೇಜು ತಟ್ಟುವವರು, ತಮ್ಮ ಹಸುವೊಂದು ವಾರದ ಲೆಕ್ಕಕ್ಕಿಂತ ಮೊದಲೇ ಈಯುತ್ತಿದೆಯೆಂದು ಜನವರಿಯಲ್ಲಿ ಪಶುವೈದ್ಯರನ್ನು ಕರೆಸಿ ಬೈಸಿಕೊಂಡದ್ದು ಯಾಕೆಂದು ಈಗ ತಿಳಿಯಿತು ಎಂದರು. ಎಲ್ಲರೂ ನಕ್ಕರು. ನಕ್ಕ ಮೇಲೆ ಅವಳ ಕೆಲಸದ ಮಾತು ಎತ್ತಲು ಯಾರಿಗೂ ಮನಸ್ಸಾಗಲಿಲ್ಲ. ಇನ್ನು ಮುಂದೆ ತಾರೀಖಿನಲ್ಲೇ ಬರೆಯಿರಿ, ಏಪ್ರಿಲ್ ಐದಕ್ಕೆ ಮತ್ತೆ ಮತ ಹಾಕೋಣ ಎಂದು ಎದ್ದರು. ಮೇಜು ತಟ್ಟುವವರು ಬಾಗಿಲಲ್ಲಿ ನಿಂತು, ಈ ಸಲ ಕೊಳ ಹೋಗುವುದು ಖಂಡಿತ, ನಿಮ್ಮ ಪ್ರಾಮಾಣಿಕತೆಗೆ ನಮ್ಮ ಗುಂಪು ಆಭಾರಿ ಎಂದು ಹೇಳಿ ಹೋದರು. ಅದನ್ನು ಅವರು ಕುಹಕವಿಲ್ಲದೆ ಹೇಳಿದ್ದೇ ಕಷ್ಟವಾಗಿತ್ತು.

ವಾರಪತ್ರಿಕೆ ಬುಧವಾರ ಬಂತು. ಅಮ್ಮ ಎರಡು ದಿನ ಫೋನ್ ಎತ್ತಲಿಲ್ಲ. ಮೂರನೆಯ ದಿನ ಮರಿಟ್ ಮನೆಗೇ ಹೋದಾಗ ಬಟಾಣಿ ಸೂಪು ಕುದಿಸುತ್ತಿದ್ದಳು, ತಿರುಗಿ ನೋಡಲಿಲ್ಲ.

"ಐದು ದಿನ ಕಣೇ. ಐದು ದಿನಕ್ಕೆ ಹಾಲು ಕೂಡ ಕೆಡಲ್ಲ."

"ನನಗೆ ಗೊತ್ತಿತ್ತಲ್ಲ ಅಮ್ಮ."

"ಗೊತ್ತಿದ್ರೆ? ಊರಲ್ಲಿ ಯಾರ್ಯಾರಿಗೆ ಏನೇನು ಗೊತ್ತಿದೆ. ಎಲ್ಲರೂ ನಿಂತು ಓದಿಬಿಟ್ರೆ ಊರು ಉಳಿಯುತ್ತಾ?" ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿದಳು. "ಆ ಎಪ್ಪೊ ಹತ್ರ ಹೋಗಿ ಹೇಳಿದೀಯ. ಮೇಯರ್ ಹತ್ರ ಹೇಳಿದೀಯ. ನನಗೆ ಪೇಪರು."

"ಮೊದಲು ನಿನಗೆ ಹೇಳಿದ್ರೆ ನಾನು ಹೇಳ್ತಿರಲಿಲ್ಲ, ಯಾರಿಗೂ."

ಅಮ್ಮ ಒಲೆ ಆರಿಸಿದಳು. ಸೂಪನ್ನು ಎರಡು ಬಟ್ಟಲಿಗೆ ಬಡಿಸಿದಳು, ಮರಿಟ್‌ಳ ಬಟ್ಟಲಿಗೆ ಸಾಸೇಜಿನ ಚೂರು ಹೆಚ್ಚು ಬಿತ್ತು. ತಿನ್ನುತ್ತ, ಐದನೆಯ ತಾರೀಖು ತಾನು ಸಭೆಗೆ ಬರುವುದಿಲ್ಲವೆಂದು ಹೇಳಿದಳು. "ಬಂದ್ರೆ ನಿನ್ನ ಮುಖವನ್ನೇ ನೋಡ್ತಾ ಕೂರ್ತೀನಿ. ಅದರಲ್ಲಿ ಏನೂ ಕಾಣಲ್ಲ. ಗೋಡೆ ನೋಡೋಕೆ ಮನೇಲೇ ಇದೆ."

ಏಪ್ರಿಲ್ ಐದರಂದು ಸಂಜೆ ಏಳೂವರೆಗೆ ಸಭಾಂಗಣದ ಕಿಟಕಿಗಳಲ್ಲಿ ಇನ್ನೂ ಬಿಸಿಲಿತ್ತು. ಹಿಂದಿನ ಸಾಲುಗಳಲ್ಲಿ ಊರಿನವರು ತುಂಬಿದ್ದರು. ಮೊದಲ ವಿಷಯವೇ ಕೊಳ. ಮಾತೆಲ್ಲ ಹಿಂದಿನ ಸಲವೇ ಆಗಿದ್ದುದರಿಂದ ಈಗ ಮತ ಮಾತ್ರ. ಇಮ್ಕ ತನ್ನ ಹನ್ನೆರಡನೆಯ ಕುರ್ಚಿಯಲ್ಲಿ ಕೂತಿದ್ದಳು. ಮಗುವಿನ ಗಾಡಿ ಹಿಂದಿನ ಸಾಲಿನಲ್ಲಿ ಎಪ್ಪೊನ ಪಕ್ಕದಲ್ಲಿತ್ತು. ಪಾಲಿಶ್ ಹಾಕಿದ ಬೂಟಿನ ತುದಿಯಿಂದ ಅವನು ಅದನ್ನು ಹಿಂದೆ ಮುಂದೆ ಆಡಿಸುತ್ತಿದ್ದ, ಚಾಲಕನ ಕಾಲು, ಒಂದೇ ಹದದಲ್ಲಿ.

ಅವನ ಹಿಂದಿನ ಸಾಲಿನಲ್ಲಿ ಅಲೀದ ಇದ್ದಳು, ಆರನೆಯ ಕುರ್ಚಿಯ ಸದಸ್ಯ ವೀಬೆಯ ಹೆಂಡತಿ. ಬೇಸಿಗೆಯಲ್ಲಿ ಕೊಳದ ಪಕ್ಕದ ಗೂಡಂಗಡಿಯಲ್ಲಿ ಆಲೂಗಡ್ಡೆ ಕರಿದು ಮಾರುವವಳು ಅವಳೇ. ವೀಬೆ ಮಾತಿಲ್ಲದ ರೈತ, ಮೇಜು ತಟ್ಟುವವರ ಗುಂಪಿನವನು. ಶನಿವಾರಗಳಲ್ಲಿ ಕೊಳದ ಸುತ್ತಲಿನ ಹುಲ್ಲು ಕತ್ತರಿಸುತ್ತಾನೆ, ಸಭೆಯಲ್ಲಿ ಗುಂಪಿನ ಜೊತೆ ಕೈಯೆತ್ತುತ್ತಾನೆ. ಎರಡೂ ಹೇಗೆ ಒಟ್ಟಿಗೆ ಹೋಗುತ್ತವೆಂದು ಊರಿನಲ್ಲಿ ತಮಾಷೆಯಿತ್ತು. ಅವನ ರಾತ್ರಿಯೂಟದ ಗತಿ ಏನು ಎಂದು ಅವನೆದುರೇ ಕೇಳುತ್ತಿದ್ದರು.

ಹೆಸರು ಕೂಗಿ ಮತ ಹಾಕಿಸುವಾಗ ಯಾರಿಂದ ಶುರು ಮಾಡಬೇಕೆಂಬುದನ್ನು ಅದೃಷ್ಟಕ್ಕೆ ಬಿಡುತ್ತಾರೆ. ಮೇಯರ್ ಚರ್ಮದ ಚೀಲದಲ್ಲಿ ಕೈಯಿಟ್ಟು ಸಂಖ್ಯೆ ಕೆತ್ತಿದ ಮರದ ಬಿಲ್ಲೆಯೊಂದನ್ನು ತೆಗೆಯುತ್ತಾರೆ. ಹಿಂದಿನ ಸಲ ಏಳು ಬಂದಿತ್ತು. ಏಳರಿಂದ ಸುತ್ತು ಹಾಕಿಕೊಂಡು ಬಂದಾಗ ಕಟ್ಟಕಡೆಯವನು ವೀಬೆ. ಅವನ ಸರದಿ ಬರುವ ಹೊತ್ತಿಗೆ ಒಂಬತ್ತು ಜನ ಪರ ಎಂದಾಗಿತ್ತು, ಕೊಳ ಉಳಿದಾಗಿತ್ತು. ಅವನು ಕನ್ನಡಕದ ಪೆಟ್ಟಿಗೆಯನ್ನು ಮುಚ್ಚುತ್ತ, ತಲೆಯೆತ್ತದೆ, ವಿರುದ್ಧ ಎಂದಿದ್ದ. ಅವನ ಹಾಳೆಯ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಗೆರೆಗಳಿದ್ದುದನ್ನು, ಒಂಬತ್ತು ಒಂದು ಕಡೆ, ಏಳು ಇನ್ನೊಂದು ಕಡೆ, ಕಾಗದ ಸಂಗ್ರಹಿಸುವಾಗ ಮರಿಟ್ ನೋಡಿದ್ದಳು. ಆಗ ಅದಕ್ಕೆ ಅರ್ಥ ಹುಡುಕಿರಲಿಲ್ಲ.

ಈ ಸಲ ಮೇಯರ್ ತೆಗೆದದ್ದು ಒಂಬತ್ತು.

ಮರಿಟ್ ಕೂಗಿದಳು, ಗುರುತು ಹಾಕಿದಳು. ಪರ, ವಿರುದ್ಧ, ಪರ. ಮೂವರ ನಂತರ ಇಮ್ಕಳ ಸರದಿ. ಇಮ್ಕ ಎರಡು ಮಾತು ಹೇಳಲು ಅನುಮತಿ ಕೇಳಿದಳು. ಮಗುವಿಗೆ ಹಾಲೂಡಿಸುತ್ತ ಕೊಳದ ವರದಿಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಿದೆ ಎಂದಳು. ಬಿರುಕು ಬಿಟ್ಟ ತಳದ ಮೇಲೆ ತನ್ನ ಮಗಳನ್ನು ಇಳಿಸಲು ತನಗೆ ಧೈರ್ಯವಿಲ್ಲ, ಬೇರೆಯವರ ಮಕ್ಕಳನ್ನು ಇಳಿಸಿ ಎಂದು ಹೇಗೆ ಹೇಳಲಿ ಎಂದಳು. ಹಿಂದಿನ ಸಾಲಿನ ಕಡೆ ತಿರುಗಿದಳು. "ಎಪ್ಪೊ ಅವರೇ, ಕ್ಷಮಿಸಿ. ವಿರುದ್ಧ."

ಹಿಂದಿನ ಸಾಲುಗಳಿಂದ ಒಂದು ಉಸಿರು ಬಂತು. ಬೂಟಿನ ತುದಿ ನಿಲ್ಲಲಿಲ್ಲ. ಗಾಡಿ ಹಿಂದೆ ಮುಂದೆ ಆಡುತ್ತಲೇ ಇತ್ತು. ಮರಿಟ್ ಇಮ್ಕಳ ಹೆಸರಿನ ಮುಂದೆ ಅಡ್ಡಗೆರೆ ಎಳೆದಳು. ಪೆನ್ಸಿಲಿನ ಮೊನೆ ಮುರಿಯಲಿಲ್ಲ, ಮುಖವೂ ಬದಲಾಗಲಿಲ್ಲ. ಮುಗಿಯಿತು ಎಂದು ಅವಳಿಗೆ ಗೊತ್ತಾಯಿತು. ಉಳಿದವರೆಲ್ಲ ಹಿಂದಿನಂತೆಯೇ ಹಾಕಿದರೆ ಎಂಟು ಪರ, ಒಂಬತ್ತು ವಿರುದ್ಧ. ಅವಳು ಮುಂದಿನ ಹೆಸರು ಕೂಗಿದಳು. ಅದರ ಮುಂದಿನದು. ಮುಗಿಯುವ ಕೆಲಸವನ್ನು ಸರಿಯಾಗಿ ಮುಗಿಸಬೇಕು ಎಂಬುದೊಂದೇ ತಲೆಯಲ್ಲಿತ್ತು. ಯಾಕೋ ಮಾರ್ಚ್ ಮೂರರ ಬೆಳಗಿನಷ್ಟು ಭಾರವಿರಲಿಲ್ಲ.

ಹದಿನಾಲ್ಕು ಹೆಸರು ಮುಗಿದಾಗ ಏಳಕ್ಕೆ ಏಳು. ಉಳಿದವರು ಮೂವರು. ಕೊನೆಯ ಇಬ್ಬರ ಮತ ಇಡೀ ಊರಿಗೆ ಗೊತ್ತಿತ್ತು. ಒಬ್ಬಳು ಪರ, ಒಬ್ಬರು ವಿರುದ್ಧ, ಆ ಒಬ್ಬರು ಮೇಜು ತಟ್ಟುವವರೇ. ಅವಳು ಆರನೆಯ ಕುರ್ಚಿಯ ಹೆಸರು ಕೂಗಿದಳು.

ವೀಬೆ ಉತ್ತರಿಸಲಿಲ್ಲ. ಅವನು ತನ್ನ ಹಾಳೆಯ ಅಂಚನ್ನು ನೋಡುತ್ತಿದ್ದ. ಪೆನ್ಸಿಲ್ ಹಿಡಿದ ಕೈ ಗೆರೆಗಳ ಮೇಲೆ ಒಂದೊಂದಾಗಿ ಹೋಯಿತು, ಮತ್ತೆ ಮೊದಲಿನಿಂದ ಹೋಯಿತು. ಹಿಂದಿನ ಸಲ ಒಂಬತ್ತು ಎಣಿಸಿ ನಿರಾಳವಾಗಿ ಹೇಳಿದ ಮಾತು ಈ ಸಲ ಬಾಯಿಗೆ ಬರುತ್ತಿಲ್ಲವೆಂದು ಮರಿಟ್‌ಗೆ ಆಗ ಹೊಳೆಯಿತು. ಉತ್ತರ ಬಾರದಿದ್ದರೆ ಇನ್ನೊಮ್ಮೆ ಕೂಗಬೇಕು, ಅದು ನಿಯಮ. ಅಮ್ಮನ ಕಿಟಕಿ, ಸೊಂಟದ ಬೆಂಡು, ಬೆಳಗಿನ ಒದ್ದೆ ತಲೆ ಯಾವುದೂ ದನಿಯಲ್ಲಿ ಬಾರದ ಹಾಗೆ, ಮೊದಲ ಸಲ ಕೂಗಿದಷ್ಟೇ ಜೋರಾಗಿ, ಅಷ್ಟೇ ನಿಧಾನವಾಗಿ ಅವಳು ಮತ್ತೆ ಕೂಗಿದಳು.

"ಶ್ರೀ ವೀಬೆ ಬೊನ್ನೆಮ."

ಮೇಜು ತಟ್ಟುವವರು ಕುರ್ಚಿಯಲ್ಲಿ ಅರ್ಧ ತಿರುಗಿದರು. ವೀಬೆ ಅವರನ್ನು ನೋಡಲಿಲ್ಲ, ಹಿಂದಿನ ಸಾಲನ್ನೂ ನೋಡಲಿಲ್ಲ. ಪೆನ್ಸಿಲನ್ನು ಮೇಜಿನ ಮೇಲೆ ಉರುಳದಂತೆ ಇಟ್ಟ.

"ತಳ ನಾನೇ ಸರಿಮಾಡ್ತೀನಿ," ಎಂದ. "ಪರ."

ಮೇಯರ್ ಕೆಮ್ಮಿ, ಮತ ಹಾಕುವಾಗ ಬೇರೆ ಮಾತು ದಾಖಲಾಗುವುದಿಲ್ಲ ಎಂದರು. ಪರ ಎಂಬುದು ದಾಖಲಾಯಿತು. ಕೊನೆಯ ಇಬ್ಬರೂ ಊರಿಗೆ ಗೊತ್ತಿದ್ದುದನ್ನೇ ಹೇಳಿದರು. ಮೇಯರ್ ಎಣಿಕೆ ಕೇಳಿದಾಗ ಮರಿಟ್ ಹಾಳೆಯನ್ನು ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ಎಣಿಸಿದಳು.

"ಒಂಬತ್ತು ಪರ. ಎಂಟು ವಿರುದ್ಧ."

ಹಿಂದಿನ ಸಾಲಿನಲ್ಲಿ ಚಪ್ಪಾಳೆ ಶುರುವಾಗಿ, ಅದಕ್ಕೆ ಅವಕಾಶವಿಲ್ಲವೆಂದು ನೆನಪಾಗಿ, ನಿಂತಿತು. ಇಮ್ಕ ಎರಡೂ ಕೈಯಿಂದ ಮುಖ ಒರೆಸಿಕೊಂಡು ಎದ್ದು ಹೋಗಿ ಗಾಡಿಯಲ್ಲಿ ಬಗ್ಗಿ ನೋಡಿದಳು. ಎಪ್ಪೊ ಅವಳಿಗೆ ಏನೋ ಹೇಳಿದ, ಅವಳು ನಕ್ಕಳು. ಮೇಜು ತಟ್ಟುವವರು ಮೇಜಿನ ಮೇಲೆ ಕೈಯಿಟ್ಟು, ತಟ್ಟದೆ, ಹಾಗೆಯೇ ಇದ್ದರು. ಮೇಯರ್ ಹತ್ತು ನಿಮಿಷ ವಿರಾಮ ಕೊಟ್ಟರು.

ನಿರ್ಣಯದ ಹೊಸ ಪ್ರತಿ ಸಿದ್ಧವಿತ್ತು, ತಾರೀಖು ಬರೆಯುವ ಜಾಗ ಬಿಟ್ಟು. ಮರಿಟ್ ತಿಂಗಳು, ದಿನ, ವರ್ಷ ಮೂರನ್ನೂ ಬರೆದು, ಮೇಯರ್ ರುಜುವಿನ ಕೆಳಗೆ ತನ್ನದನ್ನು ಹಾಕಿದಳು. ಕೊನೆಯ ಅಕ್ಷರ ಉದ್ದವಾಯಿತು. ಶಾಯಿ ಆರಲೆಂದು ಹಾಳೆಯನ್ನು ಬಿಟ್ಟು ಕಿಟಕಿಯ ಬಳಿ ಹೋಗಿ ಒಂದು ಲೋಟ ನೀರು ಕುಡಿದಳು.

ಬಿಸಿಲು ಹೋಗಿ ಚೌಕದಲ್ಲಿ ಬೂದು ಬೆಳಕು ಉಳಿದಿತ್ತು. ಕೆಳಗೆ ಸೈಕಲ್ ನಿಲ್ದಾಣದಲ್ಲಿ ಅಲೀದ ತಲೆಗೆ ವಸ್ತ್ರ ಬಿಗಿದುಕೊಂಡು ಬೀಗ ತೆಗೆಯುತ್ತಿದ್ದಳು. ವೀಬೆ ಕೋಟಿಲ್ಲದೆ ಹೊರಗೆ ಬಂದು ಅವಳ ಪಕ್ಕದಲ್ಲಿ ನಿಂತ. ಅವನು ಬಗ್ಗಿ ದೀಪದ ಡೈನಮೊ ಚಕ್ರವನ್ನು ಟೈರಿಗೆ ತಾಗಿಸಿ, ಸೈಕಲ್ಲಿನ ಮುಂದಿನ ಗಾಲಿಯನ್ನು ಎತ್ತಿ ಕೈಯಿಂದ ತಿರುಗಿಸಿದ. ದೀಪ ಒಮ್ಮೆ ಹತ್ತಿತು. ಅವಳು ಹತ್ತಿ ಕೂತು ಹೊರಟಳು. ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ, ಆ ಬೆಳಕು ಸೇತುವೆ ಹತ್ತಿ ಆಚೆ ಇಳಿಯುವ ತನಕ ನೋಡುತ್ತ ನಿಂತಿದ್ದ.